ಪೆನ್ಸಿಲಿನಲ್ಲಿ ಬರೆದ ಕೊರತೆ

ತಮಿಳುನಾಡಿನ ಕೊಳತ್ತೂರಿನಲ್ಲಿ ಬಸ್ಸಿಳಿದು ಮೆಟ್ಟೂರು ಡ್ಯಾಮಿನ ಹಿನ್ನೀರಿನ ಕಡೆ ಹೊರಟರೆ ಹುಣಸೆಪಟ್ಟಿ ಸಿಗುತ್ತದೆ. ಅಲ್ಲಿನ ಪಟ್ಟಣ ಪಂಚಾಯಿತಿಯಲ್ಲಿ ಗೋವಿಂದರಾಜು ಲೆಕ್ಕ ಬರೆಯಲು ಕೂತು ಇಪ್ಪತ್ತಾರು ವರ್ಷವಾಯಿತು. ಊರವರು ಎದುರಿಗೆ ‘ಅಕೌಂಟೆಂಟ್ ಸಾರ್’ ಅನ್ನುತ್ತಾರೆ, ಬೆನ್ನ ಹಿಂದೆ ‘ಪೆನ್ಸಿಲ್’ ಅನ್ನುತ್ತಾರೆ. ಎರಡನೆಯದೇ ಅವನಿಗೆ ಹೆಚ್ಚು ಒಪ್ಪುವ ಹೆಸರು.

ಬೇರೆ ಪಂಚಾಯಿತಿಗಳಲ್ಲಿ ವರ್ಷದ ಆದಾಯ, ಖರ್ಚು ಬರೆದು, ಕೊರತೆ ಎಷ್ಟು ಅಂತ ಮಸಿಯಲ್ಲಿ ಒಂದು ಅಂಕಿ ಬರೆದರೆ ಕೆಲಸ ಮುಗಿಯಿತು. ಇವನು ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಇನ್ನೊಂದು ಕೊರತೆ ಬರೆಯುತ್ತಿದ್ದ. ಹುಣಸೆಪಟ್ಟಿಯ ಆದಾಯವೆಲ್ಲ ಮೀನು ಮಾರ್ಕೆಟ್ಟಿನ ಗುತ್ತಿಗೆ, ವಾರದ ಸಂತೆಯ ಸುಂಕ. ಡ್ಯಾಮು ತುಂಬಿದ ವರ್ಷ ಜನರ ಕೈಯಲ್ಲಿ ಕಾಸು ಓಡಾಡುತ್ತದೆ, ಗುತ್ತಿಗೆ ಹರಾಜು ಮೇಲೇರುತ್ತದೆ. ನೀರು ತಳ ಕಂಡ ವರ್ಷ ಹರಾಜು ಕೂಗುವವರೇ ಇರುವುದಿಲ್ಲ. ಹಾಗಾಗಿ ಗೋವಿಂದರಾಜು ಲೆಕ್ಕ ಹಾಕುತ್ತಿದ್ದ: ಈ ವರ್ಷ ನೀರು ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಸಾಧಾರಣವಾಗಿದ್ದಿದ್ದರೆ ಎಷ್ಟು ಬರುತ್ತಿತ್ತು, ಆಗ ಕೊರತೆ ಎಷ್ಟಿರುತ್ತಿತ್ತು? ಮಸಿಯ ಕೊರತೆ ನೀರಿನದು, ನೀರು ಬಂದರೆ ತಾನೇ ಹೋಗುತ್ತದೆ. ಪೆನ್ಸಿಲಿನದು ಮಾತ್ರ ಊರಿನದು, ಅದನ್ನು ನಾವೇ ಇಳಿಸಬೇಕು. ಇಷ್ಟೇ ಅವನ ವಾದ.

ಅಂಚೆಯಲ್ಲಿ ಓದಿದ ಅರ್ಥಶಾಸ್ತ್ರದ ಎಂ.ಎ. ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಹೆಸರಿತ್ತು. ಆದರೆ ಅವನು ಇದನ್ನು ಕಲಿತದ್ದು ಅಕ್ಕ ರಾಮಕ್ಕನಿಂದ. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಮದುವೆಯಾಗಿ ಹೋದದ್ದು ಹಿನ್ನೀರಿನ ಆಚೆ ದಡದ ಗುಂಡಲಹಟ್ಟಿಗೆ, ಬಸಪ್ಪನ ಮನೆಗೆ. ಅದೂ ಇದೇ ಪಂಚಾಯಿತಿಗೆ ಸೇರಿದ ಹಟ್ಟಿ. ನೀರು ಇಳಿದಾಗ ಡ್ಯಾಮಿನ ಒಳಗಿನ ನೆಲ ಹೊರಗೆ ಬೀಳುತ್ತದೆ, ಹಟ್ಟಿಯವರು ಅಲ್ಲಿ ಕಡಲೆಕಾಯಿ ಬಿತ್ತುತ್ತಾರೆ. ರಾಮಕ್ಕ ಆ ಬೆಳೆಯನ್ನು ಮನೆಯ ಬೆಳೆಯ ಜೊತೆ ಎಂದೂ ಬೆರೆಸಿದವಳಲ್ಲ. ಅದಕ್ಕೆ ಬೇರೆಯೇ ಚೀಲ.

“ಇದು ನೀರು ಕೊಟ್ಟಿದ್ದು ಕಣ್ಲಾ ಗೋವಿಂದು. ಮುಂದಿನ ವರ್ಸ ಇರ್ತೈತೋ ಇಲ್ವೋ. ಇದ್ನ ನಂಬ್ಕಂಡು ಆಳು ಇಕ್ಕಾಕಾಯ್ತದಾ? ಇದು ಬರ್ನಿಲ್ಲ ಅಂತ ಇರೋ ಎತ್ತು ಮಾರಾಕಾಯ್ತದಾ?” ಅನ್ನುತ್ತಿದ್ದಳು. ತಮ್ಮ ಇದನ್ನೇ ರಿಜಿಸ್ಟರಿಗೆ ಇಳಿಸಿದ.

ಅವನ ಪೆನ್ಸಿಲನ್ನು ಯಾರೂ ಕೇಳುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಒಂದು ಒಳ್ಳೆಯ ವರ್ಷ ಮಸಿಯಲ್ಲಿ ಮೂರು ಲಕ್ಷ ಉಳಿತಾಯ ಕಂಡಿತು. ಪೆನ್ಸಿಲಿನಲ್ಲಿ ಒಂದು ಲಕ್ಷ ಕೊರತೆ ಇತ್ತು. ಸದಸ್ಯರು ಕುಣಿದಾಡಿ ಊರ ಬಾಗಿಲಿಗೆ ಸಿಮೆಂಟಿನ ಕಮಾನು ಕಟ್ಟಿಸಿ, ಅದಕ್ಕೆ ಬಣ್ಣದ ದೀಪ ಹಾಕಿಸಿದರು. ಅದರ ಕರೆಂಟ್ ಬಿಲ್ಲು ಇವತ್ತಿಗೂ ಬರುತ್ತಿದೆ.

ಆಮೇಲೆ ಮಳೆ ಕೈಕೊಟ್ಟ ವರ್ಷ ಬಂತು. ಎರಡು ಸಾವಿರದ ಇಪ್ಪತ್ತನಾಲ್ಕರ ಮಾರ್ಚಿನಲ್ಲಿ ಲೆಕ್ಕ ಮುಗಿಸಿದಾಗ ಮಸಿಯ ಕೊರತೆ ಹನ್ನೊಂದು ಲಕ್ಷ, ಪೆನ್ಸಿಲಿನದು ಎರಡೇ ಲಕ್ಷ. ಆ ಎರಡು ಲಕ್ಷಕ್ಕೂ ಅವನ ಹತ್ತಿರ ದಾರಿ ಇತ್ತು. ಬಾಕಿ ನಿಂತ ಅಂಗಡಿ ಬಾಡಿಗೆ ವಸೂಲು ಮಾಡುವುದು, ಕಮಾನಿನ ದೀಪ ಆರಿಸುವುದು. ಹೊಸದಾಗಿ ಬಂದಿದ್ದ ಅಧಿಕಾರಿ ಈಶ್ವರನ್ ಮುಂದೆ ರಿಜಿಸ್ಟರ್ ಇಟ್ಟ. ಅವರು ಎರಡು ಸಾಲು ನೋಡಿ ನಕ್ಕರು.

“ಪೆನ್ಸಿಲ್ ಎಲ್ಲಾಂ ಆಡಿಟ್‌ಲ ನಿಕ್ಕಾದು ಸಾರ್. ಒರು ನಂಬರ್ ಕೊಡುಂಗ.” ಪೆನ್ಸಿಲ್ಲು ಆಡಿಟ್ಟಿನಲ್ಲಿ ನಿಲ್ಲುವುದಿಲ್ಲ, ಒಂದೇ ಅಂಕಿ ಕೊಡಿ ಅಂತ.

ಹನ್ನೊಂದು ಲಕ್ಷ ಒಂದೇ ವರ್ಷದಲ್ಲಿ ಇಳಿಸಬೇಕೆಂದರೆ ದೊಡ್ಡದೇನನ್ನಾದರೂ ಕಡಿಯಬೇಕು. ಎಲ್ಲರ ಕಣ್ಣು ಗುಂಡಲಹಟ್ಟಿಯ ಮೋಟಾರು ದೋಣಿಯ ಮೇಲೆ ಬಿತ್ತು. ಡೀಸೆಲ್ಲು, ಇಬ್ಬರು ದೋಣಿಯವರ ಸಂಬಳ ಸೇರಿ ವರ್ಷಕ್ಕೆ ಆರು ಲಕ್ಷ. ಆ ಬೇಸಿಗೆಯಲ್ಲಿ ದೋಣಿ ಒಣಗಿದ ಕೆಸರಿನಲ್ಲಿ ಹೂತು ಕೂತಿತ್ತು, ಹಟ್ಟಿಯವರು ಡ್ಯಾಮಿನ ತಳದಲ್ಲೇ ನಡೆದು ಬರುತ್ತಿದ್ದರು. ನಡೆಯುವವರಿಗೆ ದೋಣಿ ಯಾಕೆ ಅಂದ ಒಬ್ಬ ಸದಸ್ಯ. ಇಂಜಿನ್ನನ್ನೂ ಏಲಂ ಹಾಕಿಬಿಡೋಣ ಅಂದ ಇನ್ನೊಬ್ಬ.

ಗೋವಿಂದರಾಜು ಎರಡು ಮಾತು ಹೇಳಿದ್ದರೆ ಸಾಕಿತ್ತು. ಕೊರತೆ ನಿಜವಾಗಿ ಎರಡೇ ಲಕ್ಷ, ನೀರು ಬಂದ ದಿನ ಹಟ್ಟಿಯವರು ನಡೆಯುವ ಈ ದಾರಿ ಇರುವುದಿಲ್ಲ. ಹೇಳಲೆಂದು ಬಾಯಿ ತೆರೆದ. ಈಶ್ವರನ್ ತಲೆಯೆತ್ತಿ ನೋಡಿದರು. ಇವನು ಮುಂದಿದ್ದ ಲೋಟ ಎತ್ತಿ ನೀರು ಕುಡಿದ. ಅಷ್ಟೇ. ಇಪ್ಪತ್ತೈದು ವರ್ಷ ಲೆಕ್ಕ ಬರೆದವನಿಗೆ ಅಷ್ಟು ಧೈರ್ಯವೂ ಇರಲಿಲ್ಲವೇ ಅಂದರೆ, ಇರಲಿಲ್ಲ. ನಿವೃತ್ತಿಗೆ ಮೂರು ವರ್ಷ ಇತ್ತು. ಸಂಜೆ ರಬ್ಬರು ಹಿಡಿದು ಪೆನ್ಸಿಲಿನ ಸಾಲನ್ನು ಅಳಿಸಿ, ಮಸಿಯದೊಂದನ್ನೇ ಉಳಿಸಿ, ದೋಣಿ ನಿಲ್ಲಿಸಿ ಇಂಜಿನ್ ಏಲಂ ಹಾಕುವ ಕಾಗದಕ್ಕೆ ಸಹಿ ಹಾಕಿದ.

ಜುಲೈಯಲ್ಲಿ ಕೊಡಗಿನ ಕಡೆ ಮಳೆ ಹಿಡಿಯಿತು. ತಿಂಗಳ ಕೊನೆಗೆ ಡ್ಯಾಮು ತುಂಬಿ, ಹಟ್ಟಿಯವರು ನಡೆಯುತ್ತಿದ್ದ ದಾರಿ ಮುಳುಗಿಹೋಯಿತು. ಗೋವಿಂದರಾಜು ಬಾಡಿಗೆಗಾದರೂ ಒಂದು ದೋಣಿ ಬೇಕೆಂದು ಟಿಪ್ಪಣಿ ಬರೆದ. ಅದು ಮೇಲಿನ ಆಫೀಸಿಗೆ ಹೋಯಿತು, ವಾಪಸು ಬರಲಿಲ್ಲ.

ಆಗಸ್ಟಿನ ಎರಡನೆಯ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಬಸಪ್ಪನ ಫೋನು ಬಂತು. ಏರಿದ ನೀರಿಗೆ ಹೆದರಿ ಹಾವುಗಳು ಹಟ್ಟಿಗೆ ಬರುತ್ತಿದ್ದವು. ಹುಲ್ಲಿನ ಮೆದೆಗೆ ಕೈ ಹಾಕಿದ ರಾಮಕ್ಕನಿಗೆ ಒಂದು ಕಚ್ಚಿತ್ತು. ಗೋವಿಂದರಾಜು ದಡಕ್ಕೆ ಓಡಿದ, ದೋಣಿ ಕಟ್ಟುತ್ತಿದ್ದ ಕಲ್ಲಿನ ಹತ್ತಿರ ನಿಂತ. ಆಚೆ ದಡದಲ್ಲಿ ಜನ ಕಾಣುತ್ತಿದ್ದರು, ಮಧ್ಯದಲ್ಲಿ ಅಕ್ಕನ ಕೆಂಪು ಸೀರೆ. ಮೋಟಾರು ದೋಣಿಗೆ ಐದು ನಿಮಿಷದ ನೀರು. ಗಾಳಿ ಜೋರಾಗಿತ್ತು, ಹರಿಗೋಲು ಇಳಿಸುವವರಿರಲಿಲ್ಲ. ಅವಳನ್ನು ಎತ್ತಿ ಮಿನಿ ಲಾರಿಯಲ್ಲಿ ಮಲಗಿಸಿದ್ದು ಅವನಿಗೆ ಕಂಡಿತು. ಈಚೆ ದಡದ ಆಸ್ಪತ್ರೆಗೆ ಸುತ್ತು ದಾರಿ ಇಪ್ಪತ್ತಾರು ಕಿಲೋಮೀಟರು, ಅರ್ಧಕ್ಕಿಂತ ಹೆಚ್ಚು ಕಲ್ಲುಮಣ್ಣು. ಲಾರಿ ಎಬ್ಬಿಸಿದ ಧೂಳು ದೂರವಾಗುತ್ತಾ ಹೋಯಿತು. ರಾಮಕ್ಕ ಟಾರು ರಸ್ತೆ ಮುಟ್ಟುವ ಮೊದಲೇ ತೀರಿಕೊಂಡಳು.

ಸಾವಿನ ಮನೆಯಲ್ಲಿ ಅವನು ಬಸಪ್ಪನ ಮುಖ ನೋಡಲಿಲ್ಲ. ಆಮೇಲೆ ಏಳು ತಿಂಗಳು ಆ ಕಡೆ ತಲೆಯೇ ಹಾಕಲಿಲ್ಲ. ಭಾವನಿಗೆ ಹೇಳಬೇಕು ಅನ್ನುವುದೊಂದೇ ಅವನ ಎದೆಯಲ್ಲಿ ಕೂತಿತ್ತು, ಹೇಳಲು ಕಾಲು ಏಳುತ್ತಿರಲಿಲ್ಲ.

ಮತ್ತೆ ಮಾರ್ಚ್ ಬಂತು. ಮೀನಿನ ಹರಾಜು ಚೆನ್ನಾಗಿ ಏರಿತ್ತು, ಸಂತೆ ಕೂಡಿತ್ತು. ಲೆಕ್ಕ ಮುಗಿದಾಗ ಆರು ಲಕ್ಷ ಉಳಿತಾಯ, ಸರಿಯಾಗಿ ದೋಣಿಯ ಒಂದು ವರ್ಷದ ಖರ್ಚು. ದೋಣಿ ಓಡಿದ್ದರೂ ಒಂದು ರೂಪಾಯಿ ಕೊರತೆ ಇರುತ್ತಿರಲಿಲ್ಲ. ಈಶ್ವರನ್ ಬೆನ್ನು ತಟ್ಟಿ, “ಕಟ್ ಪಣ್ಣಿನದಾಲ ದಾನ್ ಸಾರ್” ಅಂದರು. ಕಡಿದದ್ದರಿಂದಲೇ ಹೀಗಾಯಿತಂತೆ. ಗೋವಿಂದರಾಜು ರಿಜಿಸ್ಟರ್ ಮುಚ್ಚಿ, ಮೊಪೆಡ್ ಹತ್ತಿ, ಅದೇ ಇಪ್ಪತ್ತಾರು ಕಿಲೋಮೀಟರು ಹೋದ.

ಬಸಪ್ಪ ಜಗಲಿಯ ಮೇಲೆ ಕೂತಿದ್ದ. ಗೋವಿಂದರಾಜು ನಿಂತುಕೊಂಡೇ ಹೇಳಿದ: “ಭಾವ, ದೋಣಿ ನಿಲ್ಸಿದ್ ಕಾಗ್ದಕ್ಕೆ ಸೈನ್ ಆಕಿದ್ದು ನಾನು.”

“ಗೊತ್ತು ಕಣ್ಲಾ” ಅಂದ ಬಸಪ್ಪ. “ಅವಳ್ಗೂ ಗೊತ್ತಿತ್ತು. ಆಡಿ ತಿಂಗ್ಳಾಗೆ ಮಳೆ ಹಿಡ್ದಾಗ್ಲೇ ನಾನು ಬಡ್ಕಂಡೆ, ನೀರು ಏರ್ತಾ ಐತೆ, ತಮ್ಮನ ಮನೇಗೋಗಿರು ಅಂತ. ‘ಗೋವಿಂದು ಲೆಕ್ಕ ಆಕ್ದೆ ನಿಲ್ಸಾಕಿಲ್ಲ, ನೀರು ಬಂದ್ರೆ ದೋಣಿ ಬುಡ್ತಾನೆ ಬುಡು’ ಅಂದ್ಳು. ದಿನಾ ದಡಕ್ಕೋಗಿ ನೋಡ್ಕಂಡ್ ಬರೋಳು.”

ಒಳಗೆ ಹೋಗಿ ಒಂದು ಚೀಲ ತಂದು ಇಟ್ಟ. ಹಿಂದಿನ ಬೇಸಿಗೆಯಲ್ಲಿ ಡ್ಯಾಮಿನ ನೆಲದಲ್ಲಿ ಬೆಳೆದ ಕಡಲೆಕಾಯಿ. “ನಿನ್ಗೆ ಅಂತ ಬ್ಯಾರೆ ಮಡಗಿದ್ಳು” ಅಂದ. ಗೋವಿಂದರಾಜುವಿಗೆ ಅಳು ತಡೆಯಲಾಗಲಿಲ್ಲ. ಚೀಲದ ಪಕ್ಕ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತ. ಅಳು ನಿಂತ ಮೇಲೆ ಬಸಪ್ಪ ಕೇಳಿದ.

“ಲೆಕ್ಕ ಆಕಿದ್ದಾ, ಗೋವಿಂದು?”

“ಆಕಿದ್ದೆ ಭಾವ. ಸರಿಯಾಗೇ ಬಂದಿತ್ತು. ನಾನೇ ಅಳಿಸ್ಬುಟ್ಟೆ.”