ಅಕ್ಕನ ಮುಖವಿದ್ದ ಪೋಸ್ಟರ್

ಮೈದಾ ಅಂಟಿನ ವಾಸನೆ ನನಗೆ ಆಗಿಬರುವುದಿಲ್ಲ. ಮೊನ್ನೆ ಮನೆಗೆ ಮೆಣಸಿನಕಾಯಿ ಕೊಳ್ಳಲು ಬ್ಯಾಡಗಿಗೆ ಹೋಗಿದ್ದೆ. ಹಾವೇರಿಗೆ ವಾಪಸಾಗಲು ರೈಲು ಕಾಯುತ್ತ ಕುಳಿತಿದ್ದಾಗ, ನಿಲ್ದಾಣದ ಹೊರಗೋಡೆಗೆ ಒಬ್ಬಾತ ಟ್ಯೂಷನ್ ಕ್ಲಾಸಿನ ಪೋಸ್ಟರ್ ಹಚ್ಚುತ್ತಿದ್ದ. ಕಾಲ ಬಳಿ ಚೀಲದ ತುಂಬ ಮೆಣಸಿನಕಾಯಿಯ ಘಾಟು ಇದ್ದರೂ, ಅವನ ಬಕೆಟ್ಟಿನ ಆ ಹುಳಿ ವಾಸನೆಯೇ ಮೂಗಿಗೆ ಹತ್ತಿತು. ಅಕ್ಕ ನೆನಪಾದರು...

ಎಂಬಿಎ ಓದುವಾಗ ಗೆಳತಿಯರೆಲ್ಲ ಇಂಟರ್ನ್‌ಶಿಪ್ಪಿಗೆಂದು ರಾಣೆಬೆನ್ನೂರಿನ ಬೀಜದ ಕಂಪನಿಗಳಿಗೆ ಸೇರಿಕೊಂಡರು. ನನಗೆ ಸಿಕ್ಕಿದ್ದು ಅದೇ ಊರಿನ, ಬಾಲ್ಯವಿವಾಹ ತಡೆಯುವ ಚಿಕ್ಕದೊಂದು ಸಂಸ್ಥೆ. ಮಾರುವುದಕ್ಕೆ ಏನೂ ಇಲ್ಲದ ಕಡೆ ಎಂಥ ಮಾರ್ಕೆಟಿಂಗು, ನನ್ನ ಕರ್ಮ ಎಂದುಕೊಂಡೇ ಹೋದೆ. ಸಂಸ್ಥೆ ನಡೆಸುತ್ತಿದ್ದವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ನಡುವಯಸ್ಸು, ಎತ್ತರದ ಆಳು, ಒರಟು ದನಿ. ಸಂಜೆಯಾದರೆ ಬಸ್‌ಸ್ಟ್ಯಾಂಡಿನಲ್ಲಿ ಹಳ್ಳಿ ಬಸ್ಸುಗಳು ಬರುವ ಕಡೆ ಒಂದೇ ಕಟ್ಟೆಯ ಮೇಲೆ ಕೂತು, ಶೇಂಗಾ ತಿನ್ನುತ್ತ, ಇಳಿಯುವವರನ್ನು ನೋಡುತ್ತಿದ್ದರು. ಕೆಲಸವಿಲ್ಲದವರು ಕೂತ ಹಾಗೆ ಕಾಣುತ್ತಿತ್ತು. ಅದೇ ಅವರ ಕೆಲಸ ಎಂದು ನನಗೆ ತಡವಾಗಿ ತಿಳಿಯಿತು.

ನಾನು ಮಾಡಿದ ಪೋಸ್ಟರಿನಲ್ಲಿ ದೊಡ್ಡದೊಂದು ಸೂರ್ಯಕಾಂತಿ, ಕೆಳಗೆ ಸಹಾಯವಾಣಿಯ ನಂಬರು. ಅಕ್ಕ ನೋಡಿ ತಲೆಯಾಡಿಸಿದರು.

“ಫೋನು ಅಪ್ಪನ ಕಿಸೆದಾಗ ಇರತೈತಿ ತಂಗಿ. ನಂಬರ್ ತಗೊಂಡು ಆ ಹುಡುಗಿ ಏನ್ ಮಾಡ್ತಾಳ? ನನ್ನ ಮಾರಿ ಹಾಕು. ಓಡಿ ಬಂದ್ರ ಬಸ್‌ಸ್ಟ್ಯಾಂಡಿನಾಗ ಯಾರನ್ನ ಹುಡುಕಬೇಕು ಅಂತ ಗೊತ್ತಾಗತೈತಿ.”

ನಾನು ಬೇಡವೆಂದೆ. ಮದುವೆ ನಿಂತವರ ಮನೆಯವರಿಗೂ ಅದೇ ಮುಖ ಗುರುತಾಗುತ್ತದಲ್ಲ ಎಂದೆ. ಹಟಮಾರಿ ಹೆಂಗಸು, ಕೇಳಬೇಕಲ್ಲ!

ಹಲಗೇರಿಯಿಂದ ಬ್ಯಾಡಗಿಯವರೆಗೆ ಅವರ ಸ್ಕೂಟರಿನಲ್ಲಿ ತಿರುಗಿ ನಾವಿಬ್ಬರೇ ಹಚ್ಚಿದೆವು. ದನ ನೆಕ್ಕಬಾರದೆಂದು ಅಂಟಿಗೆ ಮೈಲುತುತ್ತ ಬೆರೆಸುವುದನ್ನು ಅಕ್ಕನೇ ಕಲಿಸಿದರು. ನಾನೋ, ನಡುವೆ ಸವರದೆ ಅಂಚಿಗಷ್ಟೇ ಅಂಟು ಬಳಿದು ಕೈತೊಳೆದುಕೊಳ್ಳುವವಳು.

ಸ್ವಲ್ಪ ದಿನಕ್ಕೆ ಹಲಗೇರಿಯ ಬಸ್ ತಂಗುದಾಣದ ಪೋಸ್ಟರಿನಲ್ಲಿ ಅಕ್ಕನ ಮುಖವೇ ಇರಲಿಲ್ಲ. ಹರಿದದ್ದಲ್ಲ. ಬ್ಲೇಡಿನಿಂದ ದುಂಡಗೆ, ಸಾವಕಾಶವಾಗಿ ಕೊಯ್ದು ತೆಗೆದಿದ್ದರು. ನಂಬರಿನ ಮೇಲೆ ಒಂದು ಗೀರೂ ಇಲ್ಲ. ಶಾಲೆಯ ಕಾಂಪೌಂಡಿನ ಮೇಲಿದ್ದದ್ದೂ ಹಾಗೇ ಆಗಿತ್ತು. “ನನ್ನ ಮಾರಿ ಅಷ್ಟ ಚಂದ ಐತೇನ” ಎಂದು ಅಕ್ಕ ನಕ್ಕರು. ಅವತ್ತಿನಿಂದ ಮಾತ್ರ ಸ್ಕೂಟರನ್ನು ಆಫೀಸಿನೊಳಗೇ ತಂದು ನಿಲ್ಲಿಸತೊಡಗಿದರು.

ಆಮೇಲೆ ಹಲಗೇರಿಯದೊಂದು ಮದುವೆ ನಿಂತಿತು. ಹುಡುಗಿ ಬಸ್ಸಿಳಿದು ನೇರ ಅಕ್ಕನ ಕಟ್ಟೆಗೇ ಬಂದಿದ್ದಳಂತೆ. ನಾನು ಆ ದಿನ ಹಾವೇರಿಯಲ್ಲಿದ್ದೆ, ಅವಳನ್ನು ನೋಡಲಿಲ್ಲ. ಅದಾದ ಮೇಲೆ ಇಬ್ಬರು ಗಂಡಸರು ಆಫೀಸಿಗೆ ಬಂದರು. ಬೈಯಲಿಲ್ಲ, ಕೂಗಾಡಲಿಲ್ಲ. ನೀರು ಕೇಳಿ ಕುಡಿದರು. ಹೋಗುವಾಗ ಒಬ್ಬ, ಅಕ್ಕಾರು ಮನಿಗೆ ಯಾವ ದಾರಿಲೆ ಹೋಗ್ತಾರ್ರಿ ಎಂದು ಕೇಳಿದ. ಅಷ್ಟು ನಯವಾಗಿ ಕೇಳಿದ್ದಕ್ಕೇ ಹೆದರಿ, ಅವರು ಹೊರಗೆ ಹೋದ ಕೂಡಲೇ ಬಾಗಿಲಿಗೆ ಚಿಲಕ ಹಾಕಿದೆ. ಮರುದಿನ ಬೆಳಿಗ್ಗೆ ನಮ್ಮ ಆಫೀಸಿನ ಬಾಗಿಲಿಗೆ ಹಚ್ಚಿದ್ದ ಪೋಸ್ಟರಿನಲ್ಲೂ ಮುಖವಿರಲಿಲ್ಲ.

ಎಲ್ಲ ತೆಗೆಸೋಣ, ನೀವು ಕಟ್ಟೆಗೆ ಹೋಗಬೇಡಿ ಎಂದು ಅತ್ತೇಬಿಟ್ಟೆ.

“ತಗದ್ರ, ನಾಳೆ ಇಳಿಯೋ ಹುಡುಗಿ ಯಾರನ್ನ ಹುಡುಕಬೇಕು?” ಎಂದರು ಅಕ್ಕ. ಈ ಸಲ ನಗಲಿಲ್ಲ.

ಇಂಟರ್ನ್‌ಶಿಪ್ ಮುಗಿಸಿ ಹಾವೇರಿಯಲ್ಲಿ ವರದಿ ಒಪ್ಪಿಸುವ ಗಡಿಬಿಡಿಯಲ್ಲಿದ್ದಾಗ ಸುದ್ದಿ ಬಂತು. ಕಟ್ಟೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಯಾವುದೋ ಗಾಡಿ ಸ್ಕೂಟರಿಗೆ ಗುದ್ದಿತ್ತು. ಅಪಘಾತ ಎಂದರು. ಗಾಡಿ ಸಿಗಲೇ ಇಲ್ಲ. ಸಂಸ್ಥೆಯೂ ಮುಚ್ಚಿತು... ಮುಖ ಕೊಯ್ದವರೇ ಅಕ್ಕನನ್ನು ಕೊಂದರೆಂದು ನಾನು ನಂಬಿದೆ. ಹಲಗೇರಿ ಎಂಬ ಹೆಸರು ಕೇಳಿದರೂ ಸಿಟ್ಟು ನೆತ್ತಿಗೇರುತ್ತಿತ್ತು.

ಮೊನ್ನೆ ಬ್ಯಾಡಗಿಯ ಆ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗಿ ಬಂದು ಕುಳಿತಳು. ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಕಂಪ್ಯೂಟರ್ ಕೆಲಸವಂತೆ. ಹೊತ್ತು ನೋಡಲು ಫೋನ್ ತೆಗೆದಳು. ಅದರ ಗಾಜಿನಂಥ ಕವರಿನ ಹಿಂದೆ, ಜನ ದೇವರ ಚಿತ್ರ ಇಟ್ಟುಕೊಳ್ಳುವ ಜಾಗದಲ್ಲಿ, ದುಂಡಗೆ ಕೊಯ್ದ, ಬಣ್ಣಗೆಟ್ಟ ಕಾಗದವಿತ್ತು. ಅಕ್ಕನ ಮುಖ.

ಅವಳು ಹಲಗೇರಿಯವಳು. ನಿಂತ ಮದುವೆ ಅವಳದೇ. ಪೆನ್ಸಿಲ್ ಹೆರೆಯುವ ಬ್ಲೇಡಿನಿಂದ ತಾನೂ ಗೆಳತಿಯೂ ಒಂದೊಂದು ಮುಖ ಕೊಯ್ದು ಪುಸ್ತಕದೊಳಗೆ ಬಚ್ಚಿಟ್ಟುಕೊಂಡಿದ್ದೆವು, ಬಸ್ಸಿಳಿದಾಗ ಗುರುತು ತಪ್ಪಬಾರದಲ್ಲ ಎಂದಳು. ಅಕ್ಕ ತೀರಿಕೊಂಡದ್ದು ಅವಳಿಗೆ ಗೊತ್ತಿತ್ತು. ನನಗೆ ಅಳು ಉಕ್ಕಿ ಬಂತು. ಇಷ್ಟು ವರ್ಷ ನಾನು ಶಪಿಸಿದ್ದು ಇವರನ್ನು.

“ಆಫೀಸಿನ ಬಾಗಲದಾಗಿಂದೂ ನೀವ ಕೊಯ್ದಿದ್ರೇನು?” ಎಂದು ಕೇಳಿದೆ. ಹೌದು ಅನ್ನಲಪ್ಪಾ ದೇವರೇ ಎಂದು ಒಳಗೇ ಬೇಡಿಕೊಂಡೆ.

“ಇಲ್ರಿ. ನಮ್ಮೂರಾಗಿನ ಎರಡ ಅಷ್ಟ. ಆಫೀಸ್ ಎಲ್ಲಿತ್ತು ಅನ್ನೋದ ನಮಗ ಗೊತ್ತಿರಲಿಲ್ಲ.”

ರೈಲು ಬಂತು. ನನ್ನ ಮೆಣಸಿನಕಾಯಿ ಚೀಲವನ್ನು ಅವಳೇ ಎತ್ತಿ ಒಳಗಿಟ್ಟಳು. ಅಕ್ಕ ಇಲ್ಲ, ಕಟ್ಟೆ ಖಾಲಿಯಿದೆ, ಬಸ್ಸುಗಳು ಈಗಲೂ ಬರುತ್ತವೆ. ಬಾಗಿಲಿನಿಂದ ಕೊಯ್ದ ಆ ಮುಖವೂ ಇನ್ನೂ ಯಾರದೋ ಕಿಸೆಯಲ್ಲಿದ್ದೀತು...