ಎಣ್ಣೆಯ ಬೆಂಕಿ, ಅಜ್ಜಿಯ ಮಡಿ

ನಾವು ಚಾಮರಾಜಪೇಟೆಯ ವಠಾರದಲ್ಲಿದ್ದ ಆ ದಿನಗಳಲ್ಲಿ ಭಾನುವಾರವೆಂದರೆ ಬೆಳಿಗ್ಗೆ ಏಳಕ್ಕೆ ಬೆಂಕಿಯ ಪಾಠ. ಅಪ್ಪ ಕಾರ್ಖಾನೆಯೊಂದರಲ್ಲಿ ಬೆಂಕಿ ಆರಿಸುವ ಸಲಕರಣೆಗಳನ್ನು ನೋಡಿಕೊಳ್ಳುತ್ತಿದ್ದರು. ವಾರಕ್ಕೆ ಆರು ದಿನ ಅಲ್ಲಿಯ ಕೆಂಪು ಸಿಲಿಂಡರುಗಳನ್ನು ತೂಗಿ, ಒರೆಸಿ, ಚೀಟಿ ಕಟ್ಟಿ ಬರುವುದು. ಏಳನೆಯ ದಿನ ವಠಾರದ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು. ತಲೆಗೆ ಹರಳೆಣ್ಣೆ ಹಚ್ಚಿಸಿಕೊಂಡು ಸೀಗೆಪುಡಿಯ ಸ್ನಾನಕ್ಕೆ ಕಾಯುತ್ತಾ ನಾವು ಉತ್ತರ ಹೇಳಬೇಕು.

"ಕಾಗದ, ಬಟ್ಟೆ, ಸೌದೆ?"

"ನೀರಿನ ಸಿಲಿಂಡರ್!"

"ಪೆಟ್ರೋಲು, ಸೀಮೆಎಣ್ಣೆ?"

"ನೊರೇದು! ಇಲ್ಲಾಂದ್ರೆ ಮರಳು!"

"ಕರೆಂಟು?"

"ಮೊದ್ಲು ಮೇನ್ ಆಫ್! ಆಮೇಲೆ ಕಾರ್ಬನ್ ಡೈಆಕ್ಸೈಡ್!" ಇಲ್ಲಿ ಚಿಕ್ಕವರ ನಾಲಿಗೆ ತೊಡರುತ್ತಿತ್ತು.

"ಬಾಣಲೇಲಿ ಕಾದ ಎಣ್ಣೆ?"

"ಮುಚ್ಚಳ! ನೀರು ಹಾಕ್ಲೇಬಾರ್ದು!"

ಎದುರು ಮನೆಯ ಮೇಷ್ಟರು ಪೇಪರಿನ ಹಿಂದಿನಿಂದಲೇ ಕೇಳುತ್ತಿದ್ದರು: "ಏನ್ ಸಾರ್, ನಮ್ಮ ವಠಾರ ಪೆಟ್ರೋಲ್ ಬಂಕ್ ಆಗ್ಹೋಯ್ತಾ?"

"ಬಂಕಲ್ಲಾದ್ರೆ ಸಿಲಿಂಡರ್ ಇರತ್ತೆ ಸಾರ್. ಇಲ್ಲಿ ಇವರೇ ಇರೋದು."

ನನಗೆ ಒಂಬತ್ತು ವರ್ಷ. ಗೋಕುಲಾಷ್ಟಮಿ. ಅಪ್ಪನ ತಾಯಿ, ನಮ್ಮಜ್ಜಿ, ಮಡಿಯಲ್ಲಿ ಚಕ್ಕುಲಿ ಕರಿಯುತ್ತಿದ್ದರು. ತಲೆಗೆ ಸ್ನಾನ ಮಾಡಿ ಮಡಿಸೀರೆ ಉಟ್ಟ ಮೇಲೆ ನೈವೇದ್ಯ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟಬಾರದು, ಅಡುಗೆಮನೆಗೆ ಕಾಲಿಡಬಾರದು. ಮುಟ್ಟಿದರೆ ಅವರಿಗೆ ಮತ್ತೆ ಸ್ನಾನ. ಕರಿದಿಟ್ಟದ್ದೆಲ್ಲ ದೇವರಿಗೆ ಇಲ್ಲ. ನಾನು ಹೊಸ್ತಿಲಿನ ಹೊರಗೆ ಕೂತು ಎಳ್ಳು, ಬೆಣ್ಣೆ, ಜೀರಿಗೆಯ ವಾಸನೆ ಕುಡಿಯುತ್ತಿದ್ದೆ. ಅಮ್ಮ ಹೂವು ತರಲು ಹೋಗಿದ್ದರು. ಅಪ್ಪ ಕಾರ್ಖಾನೆಯಲ್ಲಿ.

ಅಜ್ಜಿ ಒಲೆಗೆ ಇನ್ನೊಂದು ಸೌದೆ ತುರುಕಿ ದೇವರ ಕೋಣೆಗೆ ಹೋದರು. ಬರುವುದು ತಡವಾಯಿತು. ಎಣ್ಣೆ ಮೊದಲು ಹೊಗೆಯಾಡಿತು. ಆಮೇಲೆ ಸದ್ದಿಲ್ಲದೆ ಬಾಣಲೆಯ ತುಂಬ ಬೆಂಕಿ ಎದ್ದಿತು.

ನನ್ನ ಕೂಗಿಗೆ ಓಡಿಬಂದ ಅಜ್ಜಿ ಬಿಂದಿಗೆಗೆ ಕೈ ಹಾಕಿದರು. ಅರವತ್ತು ವರ್ಷ ದಿನವೂ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ ಆರಿಸಿದ ಕೈ ಅದು. ಬೇರೇನು ಮಾಡೀತು?

"ನೀರು ಬೇಡ ಅಜ್ಜೀ!"

"ದೂರ ನಿಲ್ಲೇ, ಮಡೀಲಿದೀನಿ!"

ಬಿಂದಿಗೆ ಅವರ ಸೊಂಟದವರೆಗೆ ಎದ್ದಿತ್ತು. ನಾನು ಹೊಸ್ತಿಲು ಹಾರಿ ಅವರ ತೋಳಿಗೆ ಜೋತುಬಿದ್ದೆ. ಬಿಂದಿಗೆ ಬಾಗಿಲ ಕಡೆ ಉರುಳಿ ನೀರೆಲ್ಲ ನೆಲಕ್ಕೆ ಹೋಯಿತು. ಗೋಡೆಗೆ ಒರಗಿಸಿದ್ದ ದೊಡ್ಡ ಹಿತ್ತಾಳೆ ತಟ್ಟೆಯನ್ನು ಎದೆಗೆ ಅಡ್ಡ ಹಿಡಿದು, ಅಪ್ಪ ತೋರಿಸಿದ್ದಂತೆ ಪಕ್ಕದಿಂದ ಬಾಣಲೆಯ ಮೇಲೆ ಜಾರಿಸಿದೆ. ಬೆಂಕಿ ಅಂಚಿನಲ್ಲಿ ಒಮ್ಮೆ ನಾಲಿಗೆ ಚಾಚಿ ಒಳಗೆ ಹೋಯಿತು. ಅಜ್ಜಿ ಇಕ್ಕಳದಿಂದ ಸೌದೆಯನ್ನೆಲ್ಲ ಹೊರಗೆಳೆದರು.

ಸ್ವಲ್ಪ ಹೊತ್ತಿಗೆ ಅವರ ಕೈ ತಟ್ಟೆಯ ಕಡೆ ಹೋಯಿತು.

"ತೆಗೀಬೇಡ ಅಜ್ಜಿ, ಗಾಳಿ ಸಿಕ್ರೆ ಮತ್ತೆ ಹತ್ಕೊಳ್ಳತ್ತೆ. ಪೂರ್ತಿ ಆರ್ಬೇಕು."

"ನಿಮ್ಮಪ್ಪನ ಪಾಠಾನಾ?"

"ಹೂಂ."

"ಮಡಿ ಕೆಡ್ಸೋದೂ ಹೇಳ್ಕೊಟ್ನಾ?"

ಇಬ್ಬರೂ ಒದ್ದೆ ನೆಲದಲ್ಲಿ ಆ ತಟ್ಟೆಯನ್ನು ಕಾಯುತ್ತಾ ಕೂತೆವು. ಕರಿದಿಟ್ಟಿದ್ದ ಚಕ್ಕುಲಿಯನ್ನು ಅಜ್ಜಿ ನೋಡಿದರು, ಮತ್ತೆ ತಮ್ಮ ಕೈಗಳನ್ನು ನೋಡಿಕೊಂಡರು. ಒಂದು ಬೊಬ್ಬೆಯೂ ಇರಲಿಲ್ಲ.

ಆಮೇಲೆ ಹಿತ್ತಲಿನಲ್ಲಿ ತಲೆಗೆ ತಣ್ಣೀರು ಸುರಿದುಕೊಂಡರು. ಒದ್ದೆ ಸೀರೆಯಲ್ಲಿ ಮತ್ತೆ ಮಡಿಯಾಗಿ ಒಳಗೆ ಹೊರಟವರು ಬಾಗಿಲ ಬಳಿ ನಿಂತರು. ಭಯ ನನಗೆ ಆಗ ತಾನೇ ಬಂದಿತ್ತು. ಕಂಬ ಹಿಡಿದುಕೊಂಡು ನಡುಗುತ್ತಿದ್ದೆ.

"ಬಾರೇ ಇಲ್ಲಿ."

"ಮಡಿ..."

"ಬಾ ಅಂದ್ನಲ್ಲ!" ನಾನು ಹೋಗುವ ಮೊದಲೇ ಅವರೇ ಬಂದು ನನ್ನನ್ನು ಎಳೆದು ಒದ್ದೆ ಸೀರೆಗೆ ಅವುಚಿಕೊಂಡರು. ಅವರ ಎದೆ ಢವಢವ ಬಡಿಯುವುದು ನನ್ನ ಕಿವಿಗೆ ಕೇಳಿಸಿತು. ನಡುಕ ನಿಂತ ಮೇಲೆ ಬಿಟ್ಟು, "ಇನ್ನು ಮುಟ್ಟಬೇಡ" ಎಂದು ಮೂರನೆಯ ಸ್ನಾನಕ್ಕೆ ಹೋದರು.

ಸಂಜೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟ್ಹೊತ್ತು ಮುಚ್ಚಿಟ್ಟಿದ್ದೆ?"

"ಒಂದು ಗಂಟೆ."

"ಸರಿ." ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ ಎಂದು ಅಮ್ಮ ಬಹಳ ವರ್ಷದ ಮೇಲೆ ಹೇಳಿದರು.

ಈಗ ನಾನಿರುವ ಬಸವನಗುಡಿಯ ಫ್ಲ್ಯಾಟಿನಲ್ಲಿ ಮಹಡಿಗೊಂದು ಪುಡಿಯ ಸಿಲಿಂಡರ್ ಇದೆ. ಸೌದೆ, ಪೆಟ್ರೋಲು, ಗ್ಯಾಸು ಮೂರಕ್ಕೂ ಅದೇ. ಕರಿಯುವ ಎಣ್ಣೆಗೆ ಬೇರೆಯದೇ ಬೇಕೆಂದು ನಾನು ಹೇಳಿದರೆ ನೆರೆಯವರು ನಕ್ಕು ಲಿಫ್ಟ್ ಹತ್ತುತ್ತಾರೆ. ಚಕ್ಕುಲಿ ಅಂಗಡಿಯಿಂದ ಬರುತ್ತದೆ. ಮಡಿ ಹೋಯಿತು, ಹೋದದ್ದು ಒಳ್ಳೆಯದೇ, ಯಾರು ಯಾರನ್ನಾದರೂ ಮುಟ್ಟಬಹುದು. ಆದರೆ ಮೊಮ್ಮಗಳೊಬ್ಬಳನ್ನು ಅಪ್ಪಿಕೊಳ್ಳುವುದಕ್ಕಾಗಿ, ಶ್ರಾವಣದ ಚಳಿಯಲ್ಲಿ ಇನ್ನೊಂದು ಸಲ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳಲು ಸಿದ್ಧರಿದ್ದವರು ಈಗ ಯಾರೂ ಉಳಿದಿಲ್ಲ.