ನೊಣದಕ್ಕ ನುಡಿದ ಸಾಕ್ಷಿ

ದೊಡ್ಡಾಸ್ಪತ್ರೆಯ ಶವಾಗಾರದ ಹಿಂದೆ, ಮುಂಚೆ ಹರಿದ ಹಾಸಿಗೆಗಳನ್ನು ತುಂಬಿಡುತ್ತಿದ್ದ ಒಂದು ಕೋಣೆಯಿತ್ತು. ಆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಹುಳ ಸಾಕಿದ ಹೆಂಗಸನ್ನು ಎಲ್ಲರೂ ನೊಣದಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ವರ್ಷ ಹೊಟ್ಟೆಪಾಡಿಗೆಂದು ನೆಲ ಒರೆಸಲು ಬಂದವಳು ಅವಳು. ಶವಪರೀಕ್ಷೆಯ ಡಾಕ್ಟರು ಒಂದು ದಿನ ಇಕ್ಕಳದ ತುದಿಯಲ್ಲಿ ಹುಳವೊಂದನ್ನು ಎತ್ತಿ ಹಿಡಿದು, "ಅಸಹ್ಯ ಆಗುತ್ತೇನಮ್ಮಾ?" ಎಂದು ಕೇಳಿದರು.

"ಇಲ್ಲ ಸಾರ್. ಪಾಪ, ಹಸಿದಿರೋ ಹಾಗಿದೆ," ಎಂದಳು.

ಆ ಒಂದು ಮಾತಿಗೆ ಕೈಯಲ್ಲಿದ್ದ ಪೊರಕೆ ಹೋಗಿ ಇಕ್ಕಳ ಬಂತು.

ಅವಳು ಸಾಕುತ್ತಿದ್ದದ್ದು ನೀಲಿ ನೊಣ. ಹೊಟ್ಟೆ ಹೊಸ ಉಕ್ಕಿನ ಹಾಗೆ ಮಿರುಗುವ, ಕೋಣೆಗೆ ನುಗ್ಗಿದರೆ ಮಾತು ಕೇಳಿಸದಷ್ಟು ಗುಂಯ್‌ಗುಡುವ ದಪ್ಪ ನೊಣ. ಸಾವಿನ ವಾಸನೆ ಮನುಷ್ಯರ ಮೂಗಿಗೆ ಹತ್ತುವ ಮೊದಲೇ ಅದಕ್ಕೆ ಹತ್ತುತ್ತದೆ. ಹಗಲಾಗಿದ್ದು ತೀರಾ ಚಳಿಯಿಲ್ಲದಿದ್ದರೆ ಎಲ್ಲಿಂದಲೋ ಬಂದು ಕಣ್ಣು, ಮೂಗು, ಬಾಯಿ, ಗಾಯ ಅಂತ ತೇವವಿದ್ದಲ್ಲೆಲ್ಲ ಅಕ್ಕಿನುಚ್ಚಿನಂಥ ಮೊಟ್ಟೆಗಳನ್ನು ನೂರುಗಟ್ಟಲೆ ಇಟ್ಟು ಹೋಗುತ್ತದೆ. ಹೆಚ್ಚುಕಡಿಮೆ ಒಂದು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಹುಳ ಎರಡು ಸಲ ಪೊರೆ ಕಳಚಿ ದಪ್ಪಗಾಗುತ್ತದೆ. ತಿಂದದ್ದು ಸಾಕೆನಿಸಿದ ಮೇಲೆ ಮಣ್ಣು ಹುಡುಕಿಕೊಂಡು ಹೋಗಿ ಕಂದು ಕೋಶವಾಗುತ್ತದೆ. ಬಿಸಿಲು ಕಾಲದಲ್ಲಿ ಬೇಗ, ತಂಪಿನಲ್ಲಿ ನಿಧಾನ. ಹಾಗಾಗಿ ಹೆಣದ ಮೇಲೆ ಸಿಕ್ಕ ಹುಳದ ವಯಸ್ಸು ಗೊತ್ತಾದರೆ, ಮನುಷ್ಯ ಸತ್ತು ಕಡೇಪಕ್ಷ ಎಷ್ಟು ದಿನವಾಯಿತೆಂದು ಪೊಲೀಸರಿಗೆ ಹೇಳಬಹುದು. ಸಿಕ್ಕ ಹುಳಗಳಲ್ಲಿ ಅರ್ಧವನ್ನು ಕುದಿನೀರಿಗೆ ಹಾಕಿ ಸ್ಪಿರಿಟ್ಟಿನಲ್ಲಿಡುವುದು, ಉಳಿದರ್ಧಕ್ಕೆ ಕುರಿಯ ಈಲಿ ಚೂರು ಹಾಕಿ ನೊಣವಾಗುವ ತನಕ ಬೆಳೆಸುವುದು, ಹೊತ್ತುಹೊತ್ತಿಗೆ ಅಳತೆ ಬರೆಯುವುದು, ಇದಿಷ್ಟು ಅವಳ ಕೆಲಸ. ಮೈಗೆ ಹತ್ತಿದ ವಾಸನೆಗೆ ಬಸ್ಸಿನಲ್ಲಿ ಪಕ್ಕದ ಸೀಟು ಸದಾ ಖಾಲಿ. "ನನಗೇನು, ಕಾಲು ಚಾಚ್ಕೊಂಡು ಹೋಗ್ತೀನಿ," ಎಂದು ನಗುತ್ತಿದ್ದಳು.

ಅವಳ ತಾಯಿ ತಮ್ಮನ ಮನೆಯಲ್ಲಿದ್ದಳು. ಪಾರ್ಶ್ವವಾಯು ಬಡಿದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಳು, ಮಾತು ಬಿದ್ದುಹೋಗಿತ್ತು. ತಮ್ಮ ಮುದ್ರಣಾಲಯದಲ್ಲಿ ಯಂತ್ರ ನಡೆಸುವವನು. ಅಕ್ಕತಮ್ಮಂದಿರ ನಡುವೆ ಒಂದು ಒಪ್ಪಂದವಿತ್ತು: ವಾರವೆಲ್ಲ ತಮ್ಮ ಮತ್ತು ಅವನ ಹೆಂಡತಿ ನೋಡಿಕೊಳ್ಳುವುದು, ಭಾನುವಾರ ಅಕ್ಕ ಬಂದು ಮೈ ತೊಳೆದು, ಬೆನ್ನಿನ ಹುಣ್ಣುಗಳಿಗೆ ಮದ್ದು ಹಚ್ಚಿ, ಬಟ್ಟೆ ಬದಲಾಯಿಸುವುದು. ಆ ತಿಂಗಳು ತಮ್ಮನ ಹೆಂಡತಿ ಮಗಳ ಬಾಣಂತನಕ್ಕೆಂದು ದೂರ ಹೋದಳು. ಅದೇ ಸಮಯಕ್ಕೆ ಅವಳ ಕೋಣೆಯ ಪ್ರಯೋಗಾಲಯಕ್ಕೆ ಒಂದು ಕೊಲೆ ಕೇಸಿನ ಹುಳ ಬಂದು, ಆರಾರು ಗಂಟೆಗೊಮ್ಮೆ ಅಳೆಯಬೇಕಾಯಿತು. ಭಾನುವಾರ ಬರಲಾಗುವುದಿಲ್ಲವೆಂದು ನೊಣದಕ್ಕ ತಮ್ಮನಿಗೆ ಫೋನು ಮಾಡಿದಳು.

"ಒಂದು ವಾರ ತಾನೆ, ನಾನು ನೋಡ್ಕೋತೀನಿ ಬಿಡಕ್ಕ," ಎಂದ.

ಗುರುವಾರ ಬೆಳಿಗ್ಗೆ ಅವನ ಫೋನು ಬಂತು. "ಅಮ್ಮ ಹೋಗಿಬಿಟ್ಲು ಕಣಕ್ಕ. ಈಗ ತಾನೆ. ನನ್ನ ಕಣ್ಣೆದುರಿಗೇ ಉಸಿರು ನಿಂತೋಯ್ತು."

ಹೋಗಿ ನೋಡಿದಾಗ ಮೈ ಇನ್ನೂ ಬೆಚ್ಚಗಿತ್ತು. ತೊಳೆಯಲೆಂದು ಮಗ್ಗುಲಿಗೆ ಹೊರಳಿಸಿದಳು. ಬೆನ್ನಿನಡಿಯ ಬಟ್ಟೆ ಚರ್ಮಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ಮೆಲ್ಲಗೆ ಬಿಡಿಸಿದಳು. ಸೊಂಟದ ಹುಣ್ಣಿನೊಳಗೆ ಹುಳಗಳು ತಲೆ ಒಳಗೆ ಹೂತು, ಬಾಲ ಮೇಲೆ ಮಾಡಿ, ಒತ್ತೊತ್ತಾಗಿ ತಿನ್ನುತ್ತಿದ್ದವು.

ಒಂದನ್ನು ಬೆರಳ ತುದಿಗೆ ತೆಗೆದುಕೊಂಡು, ಹೊಲಿಗೆ ಡಬ್ಬಿಯಲ್ಲಿದ್ದ ಭೂತಗನ್ನಡಿಯನ್ನು ತಂದು ಕಿಟಕಿಯ ಬೆಳಕಿನಲ್ಲಿ ನೋಡಿದಳು. ಹುಳದ ಹಿಂಭಾಗದಲ್ಲಿ ಉಸಿರಾಡುವ ಎರಡು ಚುಕ್ಕೆಗಳಿರುತ್ತವೆ. ಎರಡನೆಯ ಹಂತದ ಹುಳಕ್ಕೆ ಒಂದೊಂದು ಚುಕ್ಕೆಯಲ್ಲಿ ಎರಡು ಸೀಳು, ಮೂರನೆಯದಕ್ಕೆ ಮೂರು. ಇವಕ್ಕೆ ಮೂರಿದ್ದವು. ಆ ವಾರದ ತಂಪಿಗೆ ಲೆಕ್ಕ ಹಾಕಿದಳು. ನಾಲ್ಕು ದಿನ. ನೊಣ ಮೊಟ್ಟೆಯಿಟ್ಟದ್ದು ಭಾನುವಾರ.

ತಮ್ಮನನ್ನು ಒಳಗೆ ಕರೆದು ಬಾಗಿಲು ಹಾಕಿದಳು. "ಬಟ್ಟೆ ಯಾವಾಗ ಬದಲಾಯಿಸಿದ್ದೆ?"

"ನಿನ್ನೆ ಕಣಕ್ಕ."

"ಹುಳಕ್ಕೆ ನಾಲ್ಕು ದಿನ ಆಗಿದೆ ಕಣೋ."

ಅವನು ಹಾಸಿಗೆಯತ್ತ ನೋಡದೆ ಕಿಟಕಿ ಕಡೆ ತಿರುಗಿದ. "ಸತ್ತ ಮೇಲೆ ಬಂದಿರ್ಬೇಕು."

"ಸತ್ತು ಎರಡು ಗಂಟೆ ಆಗಿದೆ. ಎರಡು ಗಂಟೇಲಿ ಮೊಟ್ಟೆ ಕೂಡ ಒಡೆಯಲ್ಲ. ಇದನ್ನ ನೀನು ನನಗೆ ಹೇಳ್ತೀಯಾ?"

ಅವನು ಗೋಡೆಗೊರಗಿ ಕುಸಿದು ಕೂತ. "ವಾಸನೆ ಅಕ್ಕ. ಹತ್ರ ಹೋಗೋಕೆ ಆಗ್ತಿರ್ಲಿಲ್ಲ. ಹೆತ್ತ ತಾಯಿ ಮೈ ಹೇಗೆ ಒರೆಸ್ಲಿ? ಬೆಳಿಗ್ಗೆ ಗಂಜಿ ಕುಡಿಸಿ, ನೀರಿಟ್ಟು, ಬಾಗಿಲು ಎಳ್ಕೊಂಡು ಕೆಲಸಕ್ಕೆ ಹೋಗ್ತಿದ್ದೆ. ಮುಂದಿನ ಭಾನುವಾರ ನೀನು ಬಂದೇ ಬರ್ತೀಯ ಅನ್ಕೊಂಡೆ." ಆಮೇಲೆ ಅವಳ ಸೆರಗು ಹಿಡಿದ. "ಮನೆ ವಿಷಯ ಮನೇಲೇ ಇರ್ಲಿ. ನಿನ್ನ ಕಾಲಿಗೆ ಬೀಳ್ತೀನಿ."

ಅವಳು ತಾಯಿಯ ಮೈಮೇಲೆ ಹೊದಿಕೆ ಎಳೆದು ಕಾಲ ಬಳಿ ಕೂತಳು. ವರ್ಷದ ಕೆಳಗೆ ಇಂಥದೇ ಹುಣ್ಣುಗಳಿದ್ದ ಮುದುಕನೊಬ್ಬನ ಹೆಣ ಶವಾಗಾರಕ್ಕೆ ಬಂದಿತ್ತು. "ಇವನ ಮನೆಯವರ ಕೈ ಸೇದಿಹೋಗ" ಎಂದು ಅವಳು ಬಾಯಿ ತುಂಬ ಶಪಿಸಿದ್ದಳು, ಡಾಕ್ಟರ ಪಕ್ಕ ನಿಂತು ಪೊಲೀಸರಿಗೆ ಹೇಳಿಕೆ ಬರೆಸಿದ್ದಳು. ಊರವರ ತಾಯ್ತಂದೆಯರಿಗೆ ಒಂದು ನ್ಯಾಯ, ತನ್ನ ತಾಯಿಗೆ ಇನ್ನೊಂದು ನ್ಯಾಯ ಮಾಡಲು ಮನಸ್ಸು ಒಪ್ಪಲಿಲ್ಲ. ಎದ್ದು ಡಾಕ್ಟರಿಗೆ ಫೋನು ಮಾಡಿದಳು.

ಡಾಕ್ಟರು ಬಂದು ನೋಡಿ ಪೊಲೀಸರಿಗೆ ತಿಳಿಸಿದರು; ಶವಪರೀಕ್ಷೆ ಮಾಡಿ, ಹುಣ್ಣಿನ ನಂಜು ರಕ್ತಕ್ಕೇರಿ ಸಾವಾಗಿದೆಯೆಂದರು. ಹುಳಗಳನ್ನು ತಾನೇ ಸಾಕುತ್ತೇನೆಂದು ಅವಳು ಕೈ ಚಾಚಿದಾಗ ಅವಿದ್ದ ಸೀಸೆಯನ್ನು ಹಿಂದಕ್ಕೆಳೆದುಕೊಂಡರು. "ಬೇಡಮ್ಮ. ಕಾನೂನೂ ಒಪ್ಪಲ್ಲ, ನಾನೂ ಒಪ್ಪಲ್ಲ. ಬೇರೆ ಪ್ರಯೋಗಾಲಯಕ್ಕೆ ಕಳಿಸ್ತೀನಿ." ಅಲ್ಲಿಂದಲೂ ಅದೇ ಉತ್ತರ ಬಂತು. ನೀಲಿ ನೊಣ, ನಾಲ್ಕು ದಿನ.

ಎಂಟು ತಿಂಗಳ ಮೇಲೆ ವಿಚಾರಣೆ ನಡೆಯಿತು. ಒಡಹುಟ್ಟಿದವನನ್ನೇ ಕಟಕಟೆಗೆ ಎಳೆದಳೆಂದು ನೆಂಟರು ಆ ಹೊತ್ತಿಗೆ ಅವಳ ಮನೆಗೆ ಬರುವುದನ್ನು ಬಿಟ್ಟಿದ್ದರು. ತಮ್ಮನ ವಕೀಲರು ಎದ್ದು ನಿಂತು ಸಾಕ್ಷಿ ಕಟಕಟೆಯಲ್ಲಿದ್ದ ಅವಳನ್ನು ಕೇಳಿದರು: "ಆ ಭಾನುವಾರ ತಾಯಿಯನ್ನು ನೋಡಿಕೊಳ್ಳುವ ಸರದಿ ಯಾರದಾಗಿತ್ತು?"

"ನಂದು."

"ಯಾಕೆ ಬರಲಿಲ್ಲ?"

"ಪ್ರಯೋಗಾಲಯದಲ್ಲಿ ಹುಳ ಅಳೀತಿದ್ದೆ."

"ಬಂದಿದ್ದರೆ?"

"ಹುಣ್ಣು ತೊಳೀತಿದ್ದೆ. ಮೊಟ್ಟೆ ಇದ್ದಿದ್ರೂ ಒರೆಸ್ಕೊಂಡು ಹೋಗ್ತಿತ್ತು."

"ಹಾಗಾದರೆ ತಪ್ಪು ನಿಮ್ಮದೂ ಹೌದು."

"ಹೌದು ಸ್ವಾಮಿ. ಅದನ್ನೂ ಬರ್ಕೊಳ್ಳಿ."

ನಿರ್ಲಕ್ಷ್ಯದ ಅಪರಾಧಕ್ಕೆ ತಮ್ಮನಿಗೆ ಹತ್ತು ತಿಂಗಳ ಸೆರೆವಾಸವಾಯಿತು. ಅವಳು ಪ್ರತಿ ತಿಂಗಳೂ ಜೈಲಿನ ಬಾಗಿಲಿಗೆ ಹೋಗುತ್ತಿದ್ದಳು. ಅಕ್ಕನ ಮುಖ ನೋಡಲೊಲ್ಲೆನೆಂದು ಅವನು ಹೇಳಿ ಕಳಿಸುತ್ತಿದ್ದ. ಹತ್ತು ಸಲವೂ ಬೆಂಚಿನ ಮೇಲೆ ಕೂತೆದ್ದು ಬಂದಳು.

ಬಿಡುಗಡೆಯಾಗಿ ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಅವನೇ ಅವಳ ಮನೆಗೆ ಬಂದ. ಕೂದಲು ಪೂರ್ತಿ ನರೆತಿತ್ತು. ಕುರ್ಚಿಯಿದ್ದರೂ ಕೂರದೆ ಹೊಸ್ತಿಲಲ್ಲೇ ನಿಂತ.

"ಒಂದೇ ಒಂದು ಕೇಳ್ಬೇಕಿತ್ತು. ಅಲ್ಲಿದ್ದಷ್ಟು ದಿನ ಅದೇ ಕೊರೀತಿತ್ತು," ಎಂದ. "ಅವು ತಿಂತಿದ್ದಾಗ ಅಮ್ಮನಿಗೆ ನೋವಾಗ್ತಿತ್ತಾ ಅಕ್ಕ? ಮಾತಾಡೋಕೆ ಬರ್ತಿರ್ಲಿಲ್ಲ ಅವಳಿಗೆ. ನನ್ನೇ ನೋಡ್ತಿದ್ಲು."

ನೀಲಿ ನೊಣದ ಹುಳ ಹೆಚ್ಚಾಗಿ ಸತ್ತ ಮಾಂಸವನ್ನೇ ತಿನ್ನುತ್ತದೆ; ಅಲ್ಲಿ ನೋವಿರುವುದಿಲ್ಲ. ಆದರೆ ಹುಣ್ಣಿನ ಅಂಚಿನಲ್ಲಿ ಜೀವವಿರುತ್ತದೆ, ಅಷ್ಟು ಹುಳಗಳಾದಾಗ ಅಂಚನ್ನೂ ಬಿಡುವುದಿಲ್ಲ. ಎರಡೂ ಅವಳಿಗೆ ಗೊತ್ತಿತ್ತು.

"ಅವು ಸತ್ತ ಮಾಂಸ ಮಾತ್ರ ತಿನ್ನೋದು ಕಣೋ," ಎಂದಳು. "ಅಮ್ಮನಿಗೆ ಗೊತ್ತೇ ಆಗಿರಲ್ಲ."

"ನಿಜವಾಗ್ಲೂ?"

"ಇಪ್ಪತ್ತೆಂಟು ವರ್ಷ ಸಾಕಿದೀನಿ. ನನಗೆ ಗೊತ್ತಿಲ್ವಾ?"

ಅವನು ಅವಳ ಮುಖವನ್ನು ಒಂದು ಗಳಿಗೆ ದಿಟ್ಟಿಸಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಕೊನೆಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಕುರ್ಚಿಯ ಅಂಚಿಗೆ ಕೂತ. ಅವಳು ಅನ್ನಕ್ಕೆ ಇಡಲು ಒಳಗೆ ಹೋದಳು. ಅಕ್ಕಿ ತೊಳೆಯುತ್ತಾ, ನೀರಿನ ಸದ್ದಿನ ಮರೆಯಲ್ಲಿ ಬಾಯಿಗೆ ಸೆರಗೊತ್ತಿಕೊಂಡು ಅತ್ತಳು.